ಅಪ್‌ಡೇಟ್: ಪೊರೆ ಬಿಡುವಾಗ ಬೀಳುತ್ತಿದ್ದ ಸೂರ್ಯನ ಕುದುರೆ ಮರಿಗಳು (ಮೈಸೂರು)

ನಾನು ಡಬ್ಬಿಯಲ್ಲಿ ಸಾಕಿರೋ ಸೂರ್ಯನ ಕುದುರೆ (ಪ್ರೇಯಿಂಗ್ ಮ್ಯಾಂಟಿಸ್ ಕೀಟ) ಮರಿಗಳು ಪೊರೆ ಕಳಚುವಾಗ ತಳಕ್ಕೆ ಬಿದ್ದು, ಕಾಲು ಸೊಟ್ಟಗಾಗಿ ಸಾಯ್ತಿವೆ ಅಂತ ಕೇಳಿದ್ದೆನಲ್ಲ, ಈಗ ಅದು ನಿಂತಿದೆ.

ಫಲ ಕೊಟ್ಟಿದ್ದು ಮುಚ್ಚಳದ ಸಲಹೆ. ಮುಚ್ಚಳದ ನಡುಭಾಗ ದೊಡ್ಡದಾಗಿ ಕತ್ತರಿಸಿ, ಒಳಬದಿಗೆ ಸೊಳ್ಳೆ ಪರದೆ ಬಟ್ಟೆ ಬಿಗಿಯಾಗಿ ಅಂಟಿಸಬೇಕು. ಹುಳು ತಲೆಕೆಳಗಾಗಿ ನೇತಾಡಿಕೊಂಡೇ ಹಳೇ ಪೊರೆಯಿಂದ ಕೆಳಕ್ಕೆ ಜಾರೋದು. ನುಣುಪು ಪ್ಲಾಸ್ಟಿಕ್ಕಿನಲ್ಲಿ ಉಗುರಿಗೆ ಹಿಡಿತವೇ ಸಿಗಲ್ಲ. ಡಬ್ಬಿ ಮೈಯುದ್ದದ 3 ಪಟ್ಟಾದರೂ ಎತ್ತರ ಇರಲಿ, ನೇತಾಡೋ ಜಾಗದ ಕೆಳಗೆ ಕಡ್ಡಿ ಅಡ್ಡ ಬರಬಾರದು.

ತೇವಕ್ಕೆ ಅಂತ ಒದ್ದೆ ಹತ್ತಿ ಇಡೋ ಉಪಾಯ ಕೆಲಸಕ್ಕೆ ಬರಲಿಲ್ಲ, ಬೂಷ್ಟು ಹಿಡೀತು. ನಮ್ಮ ಮಾರ್ಚ್ ತಿಂಗಳ ಒಣಹವೆಗೆ ಸಂಜೆ ಒಂದು ಸಲ ಡಬ್ಬಿಯ ಒಳಗೋಡೆಗೆ ಸಣ್ಣ ಹನಿ ಸಿಂಪಡಿಸಿದರೆ ಸಾಕು, ಬೆಳಗ್ಗೆ ಹೊತ್ತಿಗೆ ಒಣಗಿರಬೇಕು.

ಆಶ್ಚರ್ಯ ಅಂದ್ರೆ, ಮರಿಗಳು ಊಟ ಬಿಟ್ಟಿದ್ದು ಕಾಯಿಲೆಯಲ್ಲವಂತೆ, ಪೊರೆ ಬಿಡೋ ಸೂಚನೆ. ಆಗ ಊಟಕ್ಕೆ ಹಾಕಿದ ಕ್ರಿಕೆಟ್ ಹುಳ ಒಳಗಿದ್ದರೆ ತೆಗೆದುಬಿಡಿ, ಮೆತ್ತಗಿರೋ ಮರಿಯನ್ನೇ ಕಚ್ಚಿ ತಿನ್ನುತ್ತೆ. ಮುರಿದ ಕಾಲು ಮುಂದಿನ ಪೊರೆಗಳಲ್ಲಿ ಚಿಕ್ಕದಾಗಿ ಮತ್ತೆ ಚಿಗುರುತ್ತೆ. ರೆಕ್ಕೆ ಬಲಿತ ಮೇಲೆ ಇಲ್ಲ.

ಪುಟ್ಟ ಮರಿಗಳಿಗೆ ಹಣ್ಣಿನ ನೊಣವೇ ಊಟ. ಆ ನೊಣ ಸಾಕೋಕೆ ನಂಜನಗೂಡು ರಸಬಾಳೆಯೇ ಬೇಕಿಲ್ಲ, ಕೊಳೆತ ಪಚ್ಚಬಾಳೆ ಸಿಪ್ಪೆ ನಡೆಯುತ್ತೆ.