ಓದುಗರ ಸ್ಪಂದನ: ವಿಶ್ವಾಸವಿದ್ದರೆ ಭಯ ಬರಬಾರದೇ?

ಕಳೆದ ಸಂಚಿಕೆಯ ಸಮಸ್ಯೆ: ಪತಿ ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡಂದಿನಿಂದ ನನಗೆ ನಡುರಾತ್ರಿ ಎಚ್ಚರವಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಮಕ್ಕಳು ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದುಹೋಗಿ ನೋಡುತ್ತೇನೆ. ಎಷ್ಟು ಪ್ರಾರ್ಥಿಸಿದರೂ ಭಯ ಹೋಗುತ್ತಿಲ್ಲ. ಸಭೆಯ ಹಿರಿಯರೊಬ್ಬರು, ‘ನಿಮ್ಮ ವಿಶ್ವಾಸ ಗಟ್ಟಿಯಿದ್ದಿದ್ದರೆ ಭಯ ಬರುತ್ತಿರಲಿಲ್ಲ’ ಎಂದರು. ಹೆದರುವುದು ಪಾಪವೇ?

ಸಹೋದರಿ, ಪಾಪವಲ್ಲ. ಆ ಹಿರಿಯರಿಗೆ ಮಾರ್ಕನ ಸುವಾರ್ತೆಯ 14ನೇ ಅಧ್ಯಾಯ ತೆರೆದು ಕೊಡಿ. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ ದಿಗಿಲುಪಟ್ಟು ಕಂಗೆಟ್ಟದ್ದು ಅಲ್ಲಿದೆ. ಪ್ರಾಣ ಹೋಗುವಷ್ಟು ದುಃಖವಾಗಿದೆ ಎಂದು ಶಿಷ್ಯರ ಮುಂದೆ ಬಾಯಿಬಿಟ್ಟು ಹೇಳಿದ. ಇಲ್ಲೇ ಇದ್ದು ಎಚ್ಚರವಾಗಿರಿ ಎಂದು ಕೇಳಿಕೊಂಡ. ಜೊತೆಗಿದ್ದ ಮೂವರೂ ನಿದ್ದೆಹೋದರು, ಅದು ಬೇರೆ ಮಾತು.

ಲೂಕನು ಇನ್ನೊಂದು ವಿವರ ಕೊಡುತ್ತಾನೆ (22:43-44). ದೇವದೂತನು ಬಂದು ಆತನನ್ನು ಬಲಪಡಿಸಿದ. ಅಲ್ಲಿಗೆ ಎಲ್ಲ ಶಾಂತವಾಯಿತು ಅಂದುಕೊಳ್ಳುತ್ತೇವೆ. ಆದರೆ ಮುಂದಿನ ವಚನದಲ್ಲಿ ಆತನು ಇನ್ನೂ ಆಸಕ್ತಿಯಿಂದ ಪ್ರಾರ್ಥಿಸುತ್ತಾನೆ, ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುತ್ತದೆ. ಸಹಾಯ ಬಂದ ಮೇಲೂ ಸಂಕಟ ಇತ್ತು. ಪ್ರಾರ್ಥನೆ ಮುಗಿದ ಮೇಲೂ ನಿಮ್ಮ ಎದೆ ಹೊಡೆದುಕೊಂಡರೆ, ದೇವರು ಕೇಳಿಸಿಕೊಳ್ಳಲಿಲ್ಲ ಎಂದು ಲೆಕ್ಕ ಹಾಕಬೇಡಿ.

ಪೌಲನೂ ಮುಚ್ಚಿಡಲಿಲ್ಲ. ಮಕೆದೋನ್ಯಕ್ಕೆ ಬಂದಾಗ ಹೊರಗೆ ಜಗಳ, ಒಳಗೆ ಭಯ ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ (7:5) ಒಪ್ಪಿಕೊಳ್ಳುತ್ತಾನೆ. ದೇವರು ಅವನನ್ನು ಸಂತೈಸಿದ್ದು ಹೇಗೆ ಗೊತ್ತೇ? ಜೊತೆಗಾರನಾದ ತೀತನನ್ನು ಅವನ ಬಳಿಗೆ ಕಳುಹಿಸಿ. ನಿಮ್ಮ ಸಭೆಯಲ್ಲಿ ಒಬ್ಬ ತೀತನಾದರೂ ಇದ್ದಾನೆಯೇ ಎಂಬುದು ನನ್ನ ಪ್ರಶ್ನೆ.
– ಬೈಬಲ್ ಅಧ್ಯಯನ ನಡೆಸುವ ಓದುಗ

ಬೈಬಲ್‌ನಲ್ಲಿ ‘ಭಯಪಡಬೇಡ’ ಎಂಬುದು 365 ಸಲ ಬರುತ್ತದೆ, ದಿನಕ್ಕೊಂದರಂತೆ, ಎಂಬ ಮೆಸೇಜು ನಿಮಗೂ ಬಂದಿರುತ್ತದೆ. ಎಣಿಸಿ ನೋಡಿದರೆ ಅಷ್ಟು ಸಿಗುವುದಿಲ್ಲ, ಬಿಡಿ. ಅದನ್ನು ಯಾರಿಗೆ ಹೇಳಿದ್ದು ಎಂದು ನೋಡಿ. ಮುಂದೆ ಸಮುದ್ರ, ಹಿಂದೆ ಫರೋಹನ ರಥಗಳು, ನಡುವೆ ಸಿಕ್ಕಿಬಿದ್ದ ಜನರಿಗೆ. ರಾತ್ರಿ ಮಂದೆ ಕಾಯುತ್ತಾ ದೂತನನ್ನು ಕಂಡು ತತ್ತರಿಸಿದ ಕುರುಬರಿಗೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿದ್ದ ಪೌಲನಿಗೆ. ಈ ಮೂರು ಕಡೆಯೂ ಅದು ಗದರಿಕೆಯಲ್ಲ.

ಬಿರುಗಾಳಿಗೆ ಹೆದರಿದ ಶಿಷ್ಯರನ್ನು ಯೇಸುಸ್ವಾಮಿ ‘ಅಲ್ಪವಿಶ್ವಾಸಿಗಳೇ’ ಎಂದು ಗದರಿದ್ದೂ ಉಂಟು (ಮತ್ತಾಯ 8), ನಿಮ್ಮ ಹಿರಿಯರು ಅದನ್ನೇ ನೆಚ್ಚಿಕೊಂಡಿರಬಹುದು. ಆದರೆ ಅಲ್ಲಿ ಗದರಿದವನೇ ಎದ್ದುನಿಂತು ಗಾಳಿಯನ್ನೂ ಅಡಗಿಸಿದ. ನಿಮ್ಮ ಹಿರಿಯರು ಗದರಿ ಮನೆಗೆ ಹೋದರು!
– ಹೆಸರು ಬೇಡ

ಅಮ್ಮಾ, ನಾನು ಸಭೆಗೂ ತಪ್ಪದೆ ಹೋಗುವವಳು, ಆಸ್ಪತ್ರೆಯಲ್ಲಿ ರಾತ್ರಿಪಾಳಿಯನ್ನೂ ಬೇಕಾದಷ್ಟು ಮಾಡಿದವಳು. ನೀವು ಬರೆದ ಲಕ್ಷಣಗಳು ಪ್ಯಾನಿಕ್ ಅಟ್ಯಾಕ್‌ನವು (ಹಠಾತ್ತನೆ ಮೇಲೆರಗುವ ವಿಪರೀತ ಭಯ) ಇರಬಹುದು. ಥೈರಾಯ್ಡ್ ಅಥವಾ ಹೃದಯದ ತೊಂದರೆಯಲ್ಲೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ಆದ್ದರಿಂದ ಮೊದಲು ಡಾಕ್ಟರಿಗೆ ತೋರಿಸಿ. ಪ್ಯಾನಿಕ್ ಆಗಿದ್ದರೆ ಅದು ಸಾಮಾನ್ಯವಾಗಿ 10 ನಿಮಿಷದೊಳಗೆ ಏರುವಷ್ಟು ಏರಿ ಇಳಿಯತೊಡಗುತ್ತದೆ. ಆ ಹೊತ್ತಿನಲ್ಲಿ ಉದ್ದುದ್ದ ಪ್ರಾರ್ಥನೆ ಯಾರ ಬಾಯಿಗೂ ಬರುವುದಿಲ್ಲ. ಎರಡೂ ಪಾದ ನೆಲಕ್ಕೂರಿ ಕುಳಿತುಕೊಳ್ಳಿ. ಉಸಿರೆಳೆದುಕೊಳ್ಳುವಾಗ ‘ಯೆಹೋವನು ನನಗೆ ಕುರುಬನು’ ಎಂದುಕೊಳ್ಳಿ. ಅದಕ್ಕಿಂತ ನಿಧಾನವಾಗಿ ಉಸಿರು ಬಿಡುತ್ತಾ ‘ಕೊರತೆಪಡೆನು’. ಅಷ್ಟು ಸಾಕು.

ಮಕ್ಕಳ ಉಸಿರು ನೋಡಲು ಹೋಗುವುದಿದೆಯಲ್ಲ, ನೋಡಿದ ಕೂಡಲೇ ಸಮಾಧಾನ, ಸ್ವಲ್ಪ ಹೊತ್ತಿಗೆ ಮತ್ತೆ ನೋಡಬೇಕೆನಿಸುತ್ತದೆ. ಹೀಗೆ ನೋಡಿದಷ್ಟೂ ಭಯ ಬೇರು ಬಿಡುತ್ತದೆ. ಹಾಗೆಂದು ಒಂದೇ ಸಲ ನಿಲ್ಲಿಸಲು ಹೋಗಬೇಡಿ. ಈ ವಾರ 5 ನಿಮಿಷ ತಡೆದು ಹೋಗಿ, ಮುಂದಿನ ವಾರ 10. ಆಪ್ತಸಮಾಲೋಚಕರು ಜೊತೆಗಿದ್ದರೆ ಇದು ಸುಲಭ. ಡಾಕ್ಟರು ಮಾತ್ರೆ ಬರೆದುಕೊಟ್ಟರೆ ನುಂಗಿ, ಅದಕ್ಕೆ ಸಭೆಯವರ ಅಪ್ಪಣೆ ಬೇಕಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನು ‘ಪ್ರಿಯ ವೈದ್ಯ’ ಎಂದದ್ದು ಸುವಾರ್ತೆ ಬರೆದ ಲೂಕನನ್ನೇ.
– ನಿವೃತ್ತ ನರ್ಸ್

1956ರ ಜನವರಿ 27ರ ರಾತ್ರಿ ಅಮೆರಿಕದ ಮಾಂಟ್‌ಗೊಮರಿಯಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಬೆದರಿಕೆಯ ಫೋನ್ ಬಂತು. ನಿದ್ದೆ ಬರಲಿಲ್ಲ. ಅಡುಗೆಮನೆಯಲ್ಲಿ ಕಾಫಿ ಮುಂದಿಟ್ಟುಕೊಂಡು, ತಲೆಗೆ ಕೈಕೊಟ್ಟು, ನನ್ನಿಂದ ಇನ್ನಾಗದು ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ಮನಸ್ಸು ತಿಳಿಯಾಯಿತು ಎಂದು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಅಪಾಯ ಮಾತ್ರ ಹೋಗಲಿಲ್ಲ. ಮೂರು ದಿನಕ್ಕೆ ಮನೆಯ ಜಗಲಿಯಲ್ಲಿ ಬಾಂಬು ಸಿಡಿಯಿತು. ಒಳಗಿದ್ದ ಹೆಂಡತಿ, ಕೂಸು ಪಾರಾದರು. ಸೇಡಿಗೆ ಸಿದ್ಧರಾಗಿ ಬಂದ ಜನರನ್ನು ಅವರು ಸಮಾಧಾನಪಡಿಸಿ ಮನೆಗೆ ಕಳುಹಿಸಿದರು. ಪಾದ್ರಿಯಾಗಿದ್ದವರಿಗೇ ಅಂಥ ರಾತ್ರಿ ಬಂದಿತ್ತೆಂದು ಹೇಳಲು ಇದನ್ನು ಬರೆದೆ.
– ಇತಿಹಾಸದ ಮೇಷ್ಟ್ರು

ತಂಗೀ, ನಾನೂ ಗಂಡನನ್ನು ಕಳೆದುಕೊಂಡವಳು. ಎಲ್ಲರೂ 23ನೇ ಕೀರ್ತನೆ ಓದಿ ಅನ್ನುತ್ತಾರೆ, ಓದಿ. 88ನೆಯದನ್ನೂ ಓದಿ. ಅದು ಸ್ತೋತ್ರದಲ್ಲಿ ಮುಗಿಯುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಸೇರಿಸಿಕೊಂಡೇ ಬೈಬಲ್ ನಮ್ಮ ಕೈಗೆ ಬಂದಿದೆ. ಆಮೇಲೆ ನಾನು ದೇವರ ಹತ್ತಿರ ಒಳ್ಳೆಯ ಮಾತು ಹುಡುಕುವುದನ್ನು ಬಿಟ್ಟೆ. ಬೈದೆ, ಅತ್ತೆ, ಕೆಲವು ರಾತ್ರಿ ಬರೀ ಸುಮ್ಮನೆ ಕೂತೆ. ಭಯ ಪೂರ್ತಿ ಹೋಗಿದೆ ಎಂದು ಸಾಕ್ಷಿ ಹೇಳಲಾರೆ, ಆದರೆ ಅದು ಈಗ ನನ್ನನ್ನು ಆಳುವುದಿಲ್ಲ.

ಎಚ್ಚರವಾದಾಗ ಫೋನ್ ಮಾಡಬಹುದಾದ ಒಬ್ಬರನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಉಪದೇಶ ಮಾಡದವರಾಗಿರಲಿ. ಅಂಥವರು ಯಾರೂ ಸಿಗದಿದ್ದರೆ ಸಂಪಾದಕರನ್ನು ಕೇಳಿ, ನನ್ನ ನಂಬರ್ ಅವರ ಹತ್ತಿರ ಕೊಟ್ಟಿದ್ದೇನೆ. ರಾತ್ರಿ ಎರಡು ಗಂಟೆಯಾದರೂ ಸಂಕೋಚ ಬೇಡ, ಹೇಗೂ ನನಗೆ ನಿದ್ದೆ ಕಡಿಮೆ.
– ಹಳೆಯ ಓದುಗಾರ್ತಿ