ರೈಸ್ ಮಿಲ್ ಆಫೀಸಿನಿಂದ ರೈತರ ಬ್ಯಾಂಕ್ ವಿವರ ಸೋರಿಕೆ: ಒಳಗಿನವರ ಮೇಲೆ ಅನುಮಾನ

ಪ್ರಶ್ನೆ (ಸಿಂಧನೂರು): ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರಿಗೂ ವೇ ಬ್ರಿಡ್ಜ್ (ಲಾರಿ ತೂಕದ ಕಾಟಾ) ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್, ಐದು ಜನ ಬಳಸ್ತಾರೆ. ಏನು ನೋಡಬೇಕು, ಯಾರಿಗೆ ತಿಳಿಸಬೇಕ್ರಿ?

ಉತ್ತರ 1: ಪಾಸ್‌ವರ್ಡ್ ಒಂದೇ ಇರೋತನಕ ಕೆಲಸ ಯಾರದು ಅಂತ ಯಾವ ಲಾಗೂ (ಕಂಪ್ಯೂಟರ್ ತಾನೇ ಬರೆದಿಡೋ ದಾಖಲೆ) ಹೇಳೋದಿಲ್ಲ. ತಲೆಗೊಂದು ಲಾಗಿನ್ ಕೊಡ್ರಿ. ಆಮೇಲೆ ಗಮನಿಸಬೇಕಾದ್ದು: ರಾತ್ರಿ ಹೊತ್ತಿನ ಲಾಗಿನ್, ಇಡೀ ಲೆಡ್ಜರ್ ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಆಗೋದು, ಖಾಲಿ ಲಾರಿ ತೂಕವನ್ನ ಕೈಯಿಂದ ತಿದ್ದೋದು. ಟ್ಯಾಲಿಯ ಎಡಿಟ್ ಲಾಗ್ ಆವೃತ್ತಿ ಇದ್ದರೆ ತಿದ್ದಿದ, ಅಳಿಸಿದ ವೋಚರ್ ಎರಡೂ ಸಿಗ್ತವೆ. ಒಂದೇ ಲಕ್ಷಣ ಕಂಡ ಮಾತ್ರಕ್ಕೆ ಯಾರನ್ನೂ ಕಳ್ಳ ಅನ್ನಬಾರದು. ಸೀಸನ್‌ನಲ್ಲಿ ರಾತ್ರಿ ಕೆಲಸ ಇದ್ದೇ ಇರುತ್ತೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ಪಾಸ್‌ವರ್ಡ್ ಬದಲಿಸೋ ಮುಂಚೆ ಲಾಗ್ ಉಳಿಸ್ಕೊಳ್ರಿ. ವಿಂಡೋಸ್ ಸೆಕ್ಯುರಿಟಿ ಲಾಗ್‌ಗೆ ಸಾಮಾನ್ಯವಾಗಿ 20 ಎಂಬಿ ಮಿತಿ. ತುಂಬಿದರೆ ಹಳೇದು ಅಳಿಯುತ್ತೆ. ಲಾಗ್ ತೋರಿಸೋ ವಿಂಡೋಸ್ ಪ್ರೋಗ್ರಾಂ ಈವೆಂಟ್ ವ್ಯೂವರ್‌ನಿಂದ ಪೂರ್ತಿ ಕಾಪಿ ಬೇರೆ ಡಿಸ್ಕಿಗೆ ಹಾಕಿ, ಅದರ ಹ್ಯಾಶ್ (ಫೈಲ್ ತಿದ್ದಿದರೆ ಬದಲಾಗೋ ಗುರುತಿನ ಸಂಖ್ಯೆ) ಬರೆದಿಡ್ರಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಮಾಣಪತ್ರಕ್ಕೆ ಆ ಹ್ಯಾಶ್ ಬೇಕು. ಅನುಮಾನ ಇರೋ ವ್ಯಕ್ತಿಯನ್ನ ಈಗಲೇ ಗದರಿಸಬೇಡ್ರಿ, ಫೈಲ್ ಅಳಿಸಿಬಿಡ್ತಾರೆ.

ಉತ್ತರ 3: ದೂರಿನಲ್ಲಿ ಆರೋಪ ಬೇಡ, ದಿನಾಂಕ, ಸಮಯ, ಯಾವ ಕಂಪ್ಯೂಟರ್, ಯಾವ ಫೈಲ್ ಅಷ್ಟು ಬರೆದು ಮಾಲೀಕರಿಗೆ ನೇರವಾಗಿ ಕೊಡ್ರಿ. ಕಂಪನಿಯಾಗಿದ್ದರೆ ಡೇಟಾ ಸೋರಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, 180 ದಿನದ ಲಾಗ್ ಇಟ್ಟಿರಬೇಕು (2022ರ ಏಪ್ರಿಲ್ 28ರ ನಿರ್ದೇಶನ). ದುಡ್ಡೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ರಿ. ಐಟಿ ಕಾಯ್ದೆ ಕಲಂ 43, 66ರ (ಅನುಮತಿ ಇಲ್ಲದೆ ಡೇಟಾ ತೆಗೆಯೋದು) ಅಡಿ ದೂರಿಗೆ ರಾಯಚೂರಿನ ಸೈಬರ್ ಅಪರಾಧ (ಸಿಇಎನ್) ಠಾಣೆ.