ವಿದ್ಯುತ್ ಕಂಬಗಳ ಮೇಲೆ ಬ್ರಾಡ್‌ಬ್ಯಾಂಡ್: ಮಲೆನಾಡಿನ ಪಂಚಾಯಿತಿಯೊಂದಕ್ಕೆ ಅನುಭವಿಗಳ ಸಲಹೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಗ್ರಾಮ ಪಂಚಾಯಿತಿಯೊಂದರ ಸದಸ್ಯೆ. ನಮ್ಮಲ್ಲಿ ಮನೆಗಳು ತೋಟಗಳ ನಡುವೆ ದೂರ ದೂರ ಇವೆ. ಫೈಬರ್ ತರಲು ರಸ್ತೆಬದಿ ಅಗೆದು ಕೇಬಲ್ ಹೂಳುವುದು ಒಳ್ಳೆಯದೋ, ಈಗಾಗಲೇ ಇರುವ ವಿದ್ಯುತ್ ಕಂಬಗಳ ಮೇಲೆ ಎಳೆಸುವುದು ಒಳ್ಳೆಯದೋ? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಬೇಕು.

ವಿದ್ಯುತ್ ಪ್ರಸರಣ ವಿಭಾಗದ ನಿವೃತ್ತ ಎಂಜಿನಿಯರ್:
ಮೇಡಂ, ದೊಡ್ಡ ವಿದ್ಯುತ್ ಗೋಪುರಗಳ ತುದಿಯಲ್ಲಿ ಸಿಡಿಲಿನಿಂದ ರಕ್ಷಣೆಗೆಂದು ಒಂದು ಭೂತಂತಿ ಇರುತ್ತದೆ. ಅನೇಕ ಮಾರ್ಗಗಳಲ್ಲಿ ಅದರ ಒಳಗೇ ಫೈಬರ್ ಎಳೆಗಳನ್ನು ಇಟ್ಟಿರುತ್ತಾರೆ. ಉಪಕೇಂದ್ರಗಳು ಪರಸ್ಪರ ಸಂಪರ್ಕದಲ್ಲಿರಲು ಬೇಕಾಗುವುದು ಕೆಲವೇ ಎಳೆಗಳು; ಉಳಿದವನ್ನು ಬಾಡಿಗೆಗೆ ಕೊಟ್ಟು ಪವರ್‌ಗ್ರಿಡ್ ಸಂಸ್ಥೆ ದೇಶದುದ್ದಕ್ಕೂ ದೂರಸಂಪರ್ಕ ಜಾಲ ನಡೆಸುತ್ತಿದೆ. 2000ರಲ್ಲಿ ಸ್ಥಾಪನೆಯಾದ, ರೈಲ್ವೆಯ ದೂರಸಂಪರ್ಕ ಸಂಸ್ಥೆ ರೈಲ್‌ಟೆಲ್ ಹಳಿಗಳ ಪಕ್ಕದ ಜಾಗದಲ್ಲಿ ಇದೇ ಕೆಲಸ ಮಾಡಿತು. ಹೊಸದಾಗಿ ಭೂಮಿ ಕೇಳದೆ ಹೆದ್ದಾರಿಯಂಥ ಜಾಲ ಸಿದ್ಧವಾದದ್ದು ಹೀಗೆ.

ಆದರೆ ಆ ಫೈಬರ್ ಉಪಕೇಂದ್ರದಲ್ಲಿ ಮುಗಿಯುತ್ತದೆ. ಅಲ್ಲಿಂದ ನಿಮ್ಮ ಊರಿಗೆ ಬರುವುದು 11 ಕೆ.ವಿ. ಮತ್ತು ಮನೆ ಸಂಪರ್ಕದ ಸಾಮಾನ್ಯ ಕಂಬಗಳು. ಅಲ್ಲಿ ಲೋಹವೇ ಇಲ್ಲದ, ತನ್ನ ಭಾರವನ್ನು ತಾನೇ ತಾಳುವ ಎಡಿಎಸ್‌ಎಸ್ ಕೇಬಲ್ ಬಳಸಬೇಕು, ಅದನ್ನು ವಿದ್ಯುತ್ ತಂತಿಗಳಿಗಿಂತ ಕೆಳಗೆ ಸಾಕಷ್ಟು ಅಂತರ ಬಿಟ್ಟು ಕಟ್ಟಬೇಕು. ಆ ಕಂಬಗಳನ್ನು ನೆಟ್ಟಾಗ ಲೆಕ್ಕ ಹಾಕಿದ್ದು ವಿದ್ಯುತ್ ತಂತಿಗಳ ಭಾರವನ್ನು ಮಾತ್ರ. ಗಾಳಿಯಲ್ಲಿ ಹೊಸ ಕೇಬಲ್ ಎಳೆಯುವ ಬಲವನ್ನು ಪ್ರತಿ ಕಂಬವೂ ತಾಳೀತೇ ಎಂದು ಮೆಸ್ಕಾಂ ಸಿಬ್ಬಂದಿಯೊಡನೆ ಜಂಟಿ ತಪಾಸಣೆ ಮಾಡಿಸಿ, ವಾಲಿದವನ್ನು ಕೇಬಲ್ ಎಳೆಯುವ ಮೊದಲೇ ಬದಲಿಸುವಂತೆ ಪಟ್ಟು ಹಿಡಿಯಿರಿ.

ಕಾಸರಗೋಡಿನಿಂದ ಒಬ್ಬರು:
ನಮ್ಮ ಕೇರಳದ ಕೆ-ಫೋನ್ ಯೋಜನೆ ರಾಜ್ಯ ವಿದ್ಯುತ್ ಮಂಡಳಿಯ ಗೋಪುರ ಹಾಗೂ ಕಂಬಗಳನ್ನೇ ಆಧರಿಸಿದೆ. 2023ರ ಜೂನ್‌ನಲ್ಲಿ ಅದರ ಉದ್ಘಾಟನೆಯಾಯಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಇಂಟರ್‌ನೆಟ್ ಸಂಪರ್ಕ ಕೊಡುವ ಗುರಿ ಅದಕ್ಕಿದೆ. ನಮ್ಮ ಮನೆಯ ಸಂಪರ್ಕ ಬೇರೊಂದು ಸಂಸ್ಥೆಯದು, ಅದೂ ಕಂಬದ ಮೇಲೆಯೇ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು, ಇಂಟರ್‌ನೆಟ್ ಎರಡೂ ಒಟ್ಟಿಗೆ ಹೋಗುತ್ತವೆ. ಲೈನ್‌ಮನ್ ಬಂದು ಕರೆಂಟು ಕೊಡುತ್ತಾರೆ. ಕೇಬಲ್ ಅವರ ಕೆಲಸವಲ್ಲವಾದ್ದರಿಂದ ಅದು ನೆಲದ ಮೇಲೆಯೇ ಉಳಿಯುತ್ತದೆ. ಯಾರು, ಎಷ್ಟು ಗಂಟೆಯೊಳಗೆ ಸರಿಪಡಿಸಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಆಗುಂಬೆಯ ಮಳೆ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಫೈಬರ್ ಜೋಡಣೆಯ ಕೆಲಸ ಮಾಡುವವರು:
ಹೂತ ಕೇಬಲ್ ಸುರಕ್ಷಿತ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ರಸ್ತೆ ಅಗಲಿಸುವಾಗ, ನೀರಿನ ಪೈಪು ಹಾಕುವಾಗ ಜೆಸಿಬಿಯ ಬಾಯಿಗೆ ಮೊದಲು ಸಿಗುವುದು ಅದೇ. 2023ರಲ್ಲಿ ಕೇಂದ್ರ ಸರ್ಕಾರ ಅಗೆಯುವ ಮುನ್ನ ತಿಳಿಸಲೆಂದೇ ಒಂದು ಆ್ಯಪ್ ತಂದದ್ದು ಈ ಕಾರಣಕ್ಕೆ.

ಇನ್ನೊಂದು ಮುಖ್ಯ ಮಾತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸಲೆಂದು 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಕೇಂದ್ರದ ಯೋಜನೆಯಲ್ಲಿ, ಮೊದಲ ಹಂತದಲ್ಲಿ ತಾಲ್ಲೂಕು ಕೇಂದ್ರದಿಂದ ಸಾಧ್ಯವಾದಷ್ಟು ದೂರ ಹಳೆಯ ಫೈಬರನ್ನೇ ಬಳಸಿ, ಉಳಿದ ದೂರಕ್ಕೆ ಮಾತ್ರ ಹೊಸದನ್ನು ಹಾಕಲಾಯಿತು. ಖರ್ಚು ಉಳಿಯಿತು, ಆದರೆ ಹಳೆಯ ಕೇಬಲ್ಲಿನ ವಯಸ್ಸೂ ಜೋಡಣೆಗಳೂ ಹೊಸ ಜಾಲಕ್ಕೆ ಬಂದವು. ಪ್ರತಿ ಜೋಡಣೆಯಲ್ಲೂ ಫೈಬರಿನೊಳಗೆ ಮಾಹಿತಿ ಒಯ್ಯುವ ಬೆಳಕು ಸ್ವಲ್ಪ ಸ್ವಲ್ಪ ಕುಂದುತ್ತದೆ. ಮಾರ್ಗವೂ ಒಂದೇ ಸಾಲಿನಲ್ಲಿದ್ದುದರಿಂದ ಎಲ್ಲೋ ಒಂದು ಕಡೆ ತುಂಡಾದರೆ ಅದರಾಚೆಯ ಪಂಚಾಯಿತಿಗಳೆಲ್ಲ ಸಂಪರ್ಕ ಕಳೆದುಕೊಳ್ಳುತ್ತಿದ್ದವು. 2023ರ ಆಗಸ್ಟ್‌ನಲ್ಲಿ ₹1,39,579 ಕೋಟಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಸಿಕ್ಕಾಗ ಪಂಚಾಯಿತಿಗಳನ್ನು ಉಂಗುರದಂತೆ ಎರಡೂ ದಿಕ್ಕಿನಿಂದ ಜೋಡಿಸುವ ನಿರ್ಧಾರವಾದದ್ದು ಇದರಿಂದಲೇ. ನಿಮ್ಮಲ್ಲೂ ಹಳೆಯ ಎಳೆ ಬಳಸುವುದಾದರೆ ಎಳೆಯೊಳಗೆ ಬೆಳಕು ಎಲ್ಲಿ, ಎಷ್ಟು ಕುಂದುತ್ತಿದೆ ಎಂದು ಅಳೆಯುವ ಒಟಿಡಿಆರ್ ಪರೀಕ್ಷೆಯ ವರದಿ ನೋಡದೆ ಕೆಲಸ ಮುಗಿಯಿತೆಂದು ಸಹಿ ಹಾಕಬೇಡಿ.

ಎಂಜಿನಿಯರ್, ಮತ್ತೊಮ್ಮೆ:
ಇವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಕಾಯ್ದಿಟ್ಟ ಅರಣ್ಯದಲ್ಲಿ ಹೊಸದಾಗಿ ಅಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕಾಗುವುದರಿಂದ, ಈಗಾಗಲೇ ಲೈನ್ ಹಾದುಹೋಗಿರುವ ಕಡೆ ಕಂಬವನ್ನೇ ಬಳಸುವುದು ಸೂಕ್ತವೆಂದು ನನಗೆ ಅನಿಸುತ್ತದೆ. ಪೇಟೆಯಿಂದ ಪಂಚಾಯಿತಿ ಕಟ್ಟಡದವರೆಗಿನ ಮುಖ್ಯ ಕೇಬಲ್ಲಿಗೆ ಒಂದು ದಾರಿಯನ್ನು ಹೂತು, ಇನ್ನೊಂದನ್ನು ಬೇರೆ ರಸ್ತೆಯ ಕಂಬಗಳ ಮೇಲೆ ತರಿಸಿ. ಒಂದೇ ಮರ, ಒಂದೇ ಜೆಸಿಬಿ ಎರಡನ್ನೂ ಕಡಿಯುವಂತಿರಬಾರದು. ಅಲ್ಲಿಂದ ಮನೆಗಳಿಗೆ ಕಂಬದ ಮೇಲಿನ ಕೇಬಲ್ ಸಾಕು. ಮಳೆಗಾಲಕ್ಕೆ ಮುನ್ನ ಮೆಸ್ಕಾಂ ಕೊಂಬೆ ಕಡಿಸುವಾಗ ಕೇಬಲ್ಲಿನವರೂ ಜೊತೆಗೆ ಬರಬೇಕೆಂಬ ಷರತ್ತನ್ನು ಪಂಚಾಯಿತಿಯ ಠರಾವಿನಲ್ಲಿ ಸೇರಿಸಿ.